ಕಿವುಡ ಮಕ್ಕಳ ಕನ್ನಡ ಕ್ಲಾಸು

ಎಲ್ಲರಿಗೂ ನಮಸ್ಕಾರ.

ನಾನು ಕನ್ನಡ ಮೇಷ್ಟ್ರು. ಇದೇ ಬೆಂಗಳೂರಿನ ಕಾಲೇಜೊಂದರಲ್ಲಿ ಪಾಠ ಮಾಡಿದೆ. ನನ್ನ ವೃತ್ತಿಯ ಬಹುಪಾಲು ಕಳೆದದ್ದು ಕಿವುಡ ವಿದ್ಯಾರ್ಥಿಗಳ ಜೊತೆ. "ಅವರಿಗೆ ಕನ್ನಡ ಸಾಹಿತ್ಯ ಯಾಕೆ ಸಾರ್? ಕಂಪ್ಯೂಟರ್ ಕಲಿಸಿ, ಒಂದಿಷ್ಟು ಇಂಗ್ಲಿಷ್ ಕಲಿಸಿ, ಕೆಲಸ ಸಿಗುತ್ತೆ" ಎಂದು ಹೇಳುವವರನ್ನು ಉದ್ದಕ್ಕೂ ನೋಡಿದ್ದೇನೆ. ಅವರು ಕೆಟ್ಟವರಲ್ಲ, ಮಕ್ಕಳ ಮೇಲಿನ ಕಾಳಜಿಯಿಂದಲೇ ಹಾಗೆ ಹೇಳುತ್ತಾರೆ. ಆದರೆ ಆ ಮಾತು ತಪ್ಪು. ಯಾಕೆ ತಪ್ಪು ಅನ್ನುವುದನ್ನು ಇವತ್ತು ಹೇಳುತ್ತೇನೆ.

ಮೊದಲು ಕಾನೂನಿನ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಪರೀಕ್ಷೆಯಲ್ಲಿ ಕೊಡಬೇಕಾದ ಅನುಕೂಲಗಳನ್ನು ಹೇಳುತ್ತದೆ. ಹೆಚ್ಚಿನ ಸಮಯ, ಬರೆದುಕೊಡುವವರ ನೆರವು, ಜೊತೆಗೆ ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ. ಒಳ್ಳೆಯ ಕಾನೂನು. ಒಂದು ಮಗುವಿನ ಮೇಲೆ ಮೂರು ಭಾಷೆಯ ಹೊರೆ ಹಾಕಬಾರದು, ಸರಿ. ಆದರೆ ಬೆಂಗಳೂರಿನಂಥ ಊರಿನಲ್ಲಿ ಏನಾಗುತ್ತದೆ ನೋಡಿ. ಶಾಲೆ ಇಂಗ್ಲಿಷ್ ಮೀಡಿಯಂ ಆದರೆ ಎರಡನೇ ಭಾಷೆ ಕನ್ನಡ. ವಿನಾಯಿತಿ ಅಂದರೆ ಮೊದಲು ಹೋಗುವುದು ಕನ್ನಡವೇ. ಎಷ್ಟೋ ಕಡೆ ಮಗುವನ್ನು ಕೇಳುವುದೂ ಇಲ್ಲ. ಫಾರ್ಮ್‌ನಲ್ಲಿ ಒಂದು ಟಿಕ್ ಬಿತ್ತು, ಮುಗಿಯಿತು.

ಈಗ ಆ ಮಗುವಿನ ಮನೆಗೆ ಬನ್ನಿ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಿವುಡ ಮಕ್ಕಳು ಕಿವಿ ಕೇಳುವ ಅಪ್ಪ ಅಮ್ಮನಿಗೆ ಹುಟ್ಟಿದವರು. ಇದು ಅಮೆರಿಕದ ಲೆಕ್ಕ. ಅಂಥ ಅಪ್ಪ ಅಮ್ಮನಿಗೆ ಸಾಮಾನ್ಯವಾಗಿ ಸನ್ನೆ ಭಾಷೆ ಬರುವುದಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳ ಅಮ್ಮ ಪೀಣ್ಯದ ಕಡೆ ಗಾರ್ಮೆಂಟ್ ಕೆಲಸಕ್ಕೆ ಹೋಗುತ್ತಿದ್ದರು. ಅವರಿಗೆ ಓದಲು ಬರುತ್ತಿದ್ದದ್ದು ಕನ್ನಡ ಒಂದೇ. ಮಗಳಿಗೆ ಓದಲು ಬರುತ್ತಿದ್ದದ್ದು ಇಂಗ್ಲಿಷ್ ಒಂದೇ. ಒಂದೇ ಸೂರಿನ ಕೆಳಗೆ ಇದ್ದ ಆ ಇಬ್ಬರಿಗೂ ಮಾತು ಇಲ್ಲ, ಸನ್ನೆ ಇಲ್ಲ, ಬರವಣಿಗೆಯೂ ಇಲ್ಲ. ಊಟ, ಹಸಿವು, ಬೇಗ ಬಾ, ಇಂಥ ನಾಲ್ಕು ಮಾತಿಗೆ ಕೈ ಮಾಡಿ ತೋರಿಸಿದರೆ ಸಾಕಾಗುತ್ತದೆ. ಅಮ್ಮ ಯಾಕೆ ಅಳುತ್ತಿದ್ದಾಳೆ ಅಂತ ತಿಳಿಯಲು ಅದು ಸಾಲದು, ಅಲ್ವಾ?

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಕೇಳಿಸುವ ತೊಂದರೆ ಇರುವವರು ಸುಮಾರು 50 ಲಕ್ಷ. ಇವರಲ್ಲಿ ಕರ್ನಾಟಕದ ಮಕ್ಕಳ ಪಾಲಿಗೆ ಕನ್ನಡ ಅಂದರೆ ಸುಮ್ನೆ ಒಂದು ಸಬ್ಜೆಕ್ಟ್ ಅಲ್ಲ. ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಪೊಲೀಸ್ ಠಾಣೆಯ ದೂರು, ಅಜ್ಜಿಯ ಕಾಗದ, ಎಲ್ಲವೂ ಕನ್ನಡದಲ್ಲಿದೆ.

ಹಾಗಾದರೆ ಹೇಗೆ ಕಲಿಸುವುದು? ಇಲ್ಲಿ ಸ್ವಲ್ಪ ಹಳೆಯ ಕಥೆ ಹೇಳಲೇಬೇಕು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ಒಂದು ಸಮ್ಮೇಳನ ನಡೆಯಿತು. ಕಿವುಡ ಮಕ್ಕಳಿಗೆ ಬಾಯಿ ಮಾತಿನಲ್ಲೇ ಕಲಿಸಬೇಕು, ಸನ್ನೆ ಬೇಡ ಅಂತ ಅಲ್ಲಿ ಠರಾವು ಆಯಿತು. ಆಮೇಲೆ ದೇಶ ದೇಶಗಳಲ್ಲಿ ಮಕ್ಕಳ ಕೈ ಕಟ್ಟಿ ಕೂರಿಸಿದರು. ಅದೇ ಸಮ್ಮೇಳನದ ಪರಂಪರೆಯವರು ಆ ಠರಾವುಗಳನ್ನು ತಿರಸ್ಕರಿಸಿ ವಿಷಾದ ಹೇಳಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ನಡುವೆ 130 ವರ್ಷ. ಎಷ್ಟು ತಲೆಮಾರು ಹೋಯಿತು ಅಂತ ಯೋಚನೆ ಮಾಡಿ.

ಈ ಗೋಡೆಗೆ ಮೊದಲ ಪೆಟ್ಟು ಕೊಟ್ಟವರಲ್ಲಿ ಒಬ್ಬರು ಸಾಹಿತ್ಯದ ಮೇಷ್ಟ್ರು. ನನಗೆ ಇದು ಬಹಳ ಖುಷಿ ಕೊಡುವ ವಿಷಯ. ವಿಲಿಯಂ ಸ್ಟೋಕೋ 1955ರಲ್ಲಿ ವಾಷಿಂಗ್ಟನ್ನಿನ ಗ್ಯಾಲೊಡೆಟ್ ಕಾಲೇಜಿಗೆ ಇಂಗ್ಲಿಷ್ ಪಾಠ ಮಾಡಲು ಬಂದರು. ಅದು ಕಿವುಡರಿಗಾಗಿಯೇ 1864ರಲ್ಲಿ ಶುರುವಾದ ಕಾಲೇಜು. ವಿದ್ಯಾರ್ಥಿಗಳ ಕೈಗಳನ್ನು ನೋಡುತ್ತಾ ನೋಡುತ್ತಾ ಅವರಿಗೆ ಇದು ಬರೀ ಅಭಿನಯ ಅಲ್ಲ, ಇದಕ್ಕೆ ವ್ಯಾಕರಣ ಇದೆ ಅಂತ ಹೊಳೆಯಿತು. 1960ರಲ್ಲಿ ಅದನ್ನು ಬರೆದು ತೋರಿಸಿದರು. ಆಗ ಜೊತೆಯ ಅಧ್ಯಾಪಕರೇ ಒಪ್ಪಲಿಲ್ಲ.

ನಮ್ಮಲ್ಲಿ ಈ ಕೆಲಸಕ್ಕೆ ಕೈ ಹಾಕಿದವರಲ್ಲಿ ಮುಖ್ಯರು ಮದನ್ ವಸಿಷ್ಠ. ಹಿಮಾಚಲದ ಹಳ್ಳಿಯವರು, ಸ್ವತಃ ಕಿವುಡರು. ಅವರೂ ಅವರ ಸಂಗಡಿಗರೂ 1970ರ ದಶಕದಲ್ಲಿ ದೆಹಲಿ, ಕಲ್ಕತ್ತಾ, ಬಾಂಬೆ ಮತ್ತು ನಮ್ಮ ಬೆಂಗಳೂರಿನ ಕಿವುಡರ ಸನ್ನೆಗಳನ್ನು ಅಧ್ಯಯನ ಮಾಡಿದರು. ಪದಗಳಲ್ಲಿ ಊರಿಂದೂರಿಗೆ ವ್ಯತ್ಯಾಸ ಇದೆ, ಆದರೆ ವ್ಯಾಕರಣ ಒಂದೇ ಅಂತ ಕಂಡುಕೊಂಡರು. ಬೆಂಗಳೂರಿನ ಸನ್ನೆಗಳದ್ದೇ ಒಂದು ಪುಸ್ತಕವೂ ಬಂತು. ಕನ್ನಡ ವಿಭಾಗಗಳಲ್ಲಿ ಇದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಕನ್ನಡ ಮೇಷ್ಟ್ರಿಗೆ ಈ ವ್ಯಾಕರಣದಲ್ಲಿ ದೊಡ್ಡ ನೆರವಿದೆ. ನಮ್ಮ ಸನ್ನೆ ಭಾಷೆಯಲ್ಲಿ ಸಾಮಾನ್ಯವಾಗಿ ಕ್ರಿಯೆ ಕೊನೆಗೆ ಬರುತ್ತದೆ. ಪ್ರಶ್ನೆ ಕೇಳುವ ಪದವೂ ಕೊನೆಗೆ. ಇಲ್ಲ, ಬೇಡ ಅನ್ನುವುದೂ ಕೊನೆಗೆ. "ನಿಮ್ಮ ಹೆಸರು ಏನು?" ಅಂತ ನಾವು ಕೇಳುವ ಸಾಲನ್ನೇ ತೆಗೆದುಕೊಳ್ಳಿ. ಸನ್ನೆಯಲ್ಲೂ ಅದೇ ಸಾಲು, ಅದೇ ಕ್ರಮ. ಇಂಗ್ಲಿಷಿಗೆ ಹೋಗಬೇಕಾದರೆ ಎಲ್ಲವನ್ನೂ ತಲೆಕೆಳಗು ಮಾಡಬೇಕು. ಹೀಗಿದ್ದೂ ಕನ್ನಡ ಕಷ್ಟ, ಇಂಗ್ಲಿಷ್ ಸುಲಭ ಅಂತ ನಮ್ಮವರು ತೀರ್ಮಾನ ಮಾಡಿಬಿಡುತ್ತಾರೆ.

ಕಷ್ಟ ಇರುವುದು ಬೇರೆ ಕಡೆ. ಮೊದಲ ವರ್ಷದ ಹುಡುಗನೊಬ್ಬ ಬರೆದ ಸಾಲು ಹೀಗಿತ್ತು: "ನಾನು ಅಜ್ಜಿ ಮನೆ ಹೋಗು. ಅಜ್ಜಿ ನಾನು ಮುದ್ದೆ ಕೊಡು." ಯಾರು ಯಾರಿಗೆ ಕೊಟ್ಟರು? ಹಾಳೆಯ ಮೇಲೆ ಗೊತ್ತಾಗುವುದಿಲ್ಲ. ಅದನ್ನೇ ಸನ್ನೆಯಲ್ಲಿ ಹೇಳು ಅಂದೆ. ಅವನು ಅಜ್ಜಿಯನ್ನು ಎಡಗಡೆ ಕೂರಿಸಿದ. 'ಕೊಡು' ಅನ್ನುವ ಕೈ ಅಜ್ಜಿ ಇದ್ದ ಜಾಗದಿಂದ ಹೊರಟು ಅವನ ಎದೆಯ ಹತ್ತಿರ ಬಂದು ನಿಂತಿತು. ಒಂದಿಷ್ಟೂ ಗೊಂದಲ ಇಲ್ಲ. ಬೋರ್ಡಿನ ಮೇಲೆ 'ನನಗೆ' ಅಂತ ಬರೆದು, 'ಗೆ' ಕೆಳಗೆ ಗೆರೆ ಎಳೆದು, ಅವನ ಕೈ ನಿಂತ ಜಾಗವನ್ನು ಮುಟ್ಟಿ ತೋರಿಸಿದೆ. ಕೈ ಮಾಡುವ ಕೆಲಸವನ್ನು ಹಾಳೆಯ ಮೇಲೆ ಈ 'ಗೆ' ಮಾಡುತ್ತದೆ. ಅವನ ಕಣ್ಣು ಅರಳಿತು. 'ಇಂದ' ಎಲ್ಲಿ ಅಂತ ಅವನೇ ಕೇಳಿದ, ಕೈ ಹೊರಟ ಜಾಗವನ್ನು ತೋರಿಸಿ.

ಕಿವಿ ಕೇಳುವ ಮಗು 'ನಂಗೆ' ಅನ್ನುವುದನ್ನು ಎರಡು ವರ್ಷಕ್ಕೇ ಕಿವಿಯಿಂದ ಹಿಡಿದಿರುತ್ತದೆ. ಕಿವುಡ ಮಗು ಆ ಪ್ರತ್ಯಯವನ್ನು ಮೊದಲು ನೋಡುವುದೇ ಪುಸ್ತಕದಲ್ಲಿ. ಅದೂ ಊರಿಗೆ, ಮರಕ್ಕೆ ಅಂತ ವೇಷ ಬದಲಿಸಿಕೊಂಡು ಬರುತ್ತದೆ. ಇದನ್ನು ತಪ್ಪು ಅಂತ ಕೆಂಪು ಶಾಯಿಯಲ್ಲಿ ಗೀಚಿ ಏನು ಪ್ರಯೋಜನ?

ಇನ್ನೊಂದು ತೊಡಕು ಕನ್ನಡದ್ದೇ. ನಮಗೆ ಎರಡು ಬರವಣಿಗೆ ಇದೆ. ಪಠ್ಯದಲ್ಲಿ "ಊಟ ಮಾಡಿದೆಯಾ?" ಅಂತ ಇರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಅಮ್ಮ "ಊಟ ಮಾಡ್ದ್ಯಾ?" ಅಂತ ಕಳಿಸುತ್ತಾಳೆ. ನಾವು ಮನಸ್ಸಿನಲ್ಲೇ ಓದಿಕೊಂಡು ಎರಡೂ ಒಂದೇ ಅಂತ ತಿಳಿಯುತ್ತೇವೆ. ಕಿವುಡ ವಿದ್ಯಾರ್ಥಿಗೆ ಅವು ಎರಡು ಬೇರೆ ಪದ. ಅದಕ್ಕೇ ನಾನು ಮನೆಯ ಮೆಸೇಜುಗಳನ್ನೂ ಕ್ಲಾಸಿಗೆ ತರಿಸುತ್ತಿದ್ದೆ. ತೋರಿಸಲು ಇಷ್ಟ ಇದ್ದವರು ತರುತ್ತಿದ್ದರು. ಪೀಣ್ಯದ ಆ ಅಮ್ಮನ ಮಗಳು ಮೊದಲು ಕಲಿತದ್ದು ಪಠ್ಯದ ಕನ್ನಡ ಅಲ್ಲ, ಅಮ್ಮನ ಕನ್ನಡ.

ಬರೆಸುವುದಕ್ಕೆ ನನಗೆ ಜಾಸ್ತಿ ಒದಗಿ ಬಂದದ್ದು ಮೊಬೈಲ್ ಕ್ಯಾಮೆರಾ. ಕಥೆಯನ್ನು ಮೊದಲು ಸನ್ನೆಯಲ್ಲಿ ಹೇಳಿ ರೆಕಾರ್ಡ್ ಮಾಡು. ಆಮೇಲೆ ನಿಲ್ಲಿಸಿ ನಿಲ್ಲಿಸಿ ನೋಡು, ಬರಿ. ಖಾಲಿ ಹಾಳೆಯ ಮುಂದೆ ಮೂರು ಸಾಲಿಗೆ ನಿಲ್ಲುತ್ತಿದ್ದವರು ವಿಡಿಯೋ ಇಟ್ಟುಕೊಂಡರೆ ಎರಡು ಪುಟ ಬರೆಯುತ್ತಿದ್ದರು. ಯಾಕೆಂದರೆ ಕಥೆ ಅವರಲ್ಲಿ ಮೊದಲಿಂದಲೂ ಇತ್ತು. ಗ್ಯಾಲೊಡೆಟ್‌ನಲ್ಲಿ 1980ರ ದಶಕದಲ್ಲೇ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ, ಇಡೀ ಕ್ಲಾಸು ಬರೆದುಕೊಂಡೇ ಹರಟೆ ಹೊಡೆಯುವ ಹಾಗೆ ಬರವಣಿಗೆ ಕಲಿಸಿದ್ದರು. ಇವತ್ತು ನಮ್ಮ ಹುಡುಗರ ಜೇಬಿನಲ್ಲೇ ಆ ಸೌಕರ್ಯ ಇದೆ.

ಇನ್ನು ಸಾಹಿತ್ಯ. "ಛಂದಸ್ಸು ಹೇಗೆ ಕಲಿಸ್ತೀರಿ, ಅದು ಕಿವಿಯದ್ದಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಹಳೆಯ ಕಾವ್ಯದ ಪ್ರಾಸ ಕಣ್ಣಿಗೂ ಕಾಣುತ್ತದೆ. ಪ್ರತಿ ಸಾಲಿನ ಎರಡನೇ ಅಕ್ಷರ ನೋಡಿಕೊಂಡು ಇಳಿಯಿರಿ, ಅದೇ ವ್ಯಂಜನ ಸಾಲಾಗಿ ಸಿಗುತ್ತದೆ. ನನ್ನ ವಿದ್ಯಾರ್ಥಿಗಳು ಅದನ್ನು ಉಳಿದವರಿಗಿಂತ ಬೇಗ ಹಿಡಿಯುತ್ತಿದ್ದರು. ಪ್ರಸ್ತಾರ ಹಾಕುವುದು, ಲಘು ಗುರು ಗುರುತು ಮಾಡುವುದು, ಗಣ ಒಡೆಯುವುದು, ಎಲ್ಲವೂ ಹಾಳೆಯ ಮೇಲಿನ ಕೆಲಸ. ಮಾತ್ರೆಯ ಕಾಲವನ್ನು ಡೆಸ್ಕಿನ ಮೇಲೆ ತಟ್ಟಿ, ಅಂಗೈಯಲ್ಲಿ ತಿಳಿಯುವ ಹಾಗೆ ಮಾಡಬಹುದು. ಸನ್ನೆ ಕಾವ್ಯದಲ್ಲೂ ಪ್ರಾಸ ಇದೆ. ಒಂದೇ ಕೈಯಾಕಾರವನ್ನು ಮತ್ತೆ ಮತ್ತೆ ತರುವುದು ಅಲ್ಲಿಯ ಪ್ರಾಸ. ಅಮೆರಿಕದ ಕಿವುಡ ಕವಿ ಕ್ಲೇಟನ್ ವ್ಯಾಲಿ ಇದನ್ನು ಶಾಸ್ತ್ರೀಯವಾಗಿ ವಿವರಿಸಿದವರು.

ಒಂದು ಕ್ಲಾಸಿನ ವಿಷಯ ಹೇಳಲೇಬೇಕು. ಬಸವಣ್ಣನವರ 'ಉಳ್ಳವರು ಶಿವಾಲಯ ಮಾಡುವರು' ವಚನ ಓದುತ್ತಿದ್ದೆವು. ಪದಗಳ ಅರ್ಥ ಮುಗಿದ ಮೇಲೆ ಕೋಲಾರ ಕಡೆಯ ಹುಡುಗಿಯೊಬ್ಬಳು ಎದ್ದು ಬಂದು ಸನ್ನೆಯಲ್ಲಿ ವಚನ ಹೇಳಿದಳು. ಮೊದಲು ಉಳ್ಳವರ ಗುಡಿ. ತನ್ನಿಂದ ದೂರಕ್ಕೆ, ಬಲಗಡೆ, ಕಲ್ಲಿನ ಮೇಲೆ ಕಲ್ಲಿಟ್ಟು ಎತ್ತರಕ್ಕೆ ಕಟ್ಟಿದಳು. ಅದನ್ನು ಅಲ್ಲೇ ಬಿಟ್ಟಳು. ಸನ್ನೆ ಭಾಷೆಯಲ್ಲಿ ಒಂದು ಜಾಗದಲ್ಲಿ ಇಟ್ಟದ್ದು ಅಲ್ಲೇ ಇರುತ್ತದೆ, ನೋಡುವವರಿಗೂ ಅದು ಗೊತ್ತು. ಆಮೇಲೆ ಬಡವನಾಗಿ ಬರಿಗೈ ತೋರಿಸಿದಳು. ತನ್ನ ಕಾಲುಗಳನ್ನೇ ಸವರಿ ಕಂಬ ಮಾಡಿದಳು, ಮೈಯನ್ನು ಗುಡಿ ಮಾಡಿದಳು, ತಲೆಯ ಮೇಲೆ ಬೆರಳುಗಳ ಕಳಶ ಏರಿಸಿದಳು. ಕೊನೆಯ ಸಾಲಿಗೆ ಬಂದಾಗ ಬಲಗಡೆಗೆ ತಿರುಗಿ ನೋಡಿದಳು. ಅಲ್ಲಿ ಬಿಟ್ಟಿದ್ದ ಗುಡಿ ನಿಧಾನವಾಗಿ ಕುಸಿಯಿತು. ಕಳಶ ತಲೆಯ ಮೇಲಿರುವಂತೆಯೇ ಅವಳು ಎರಡು ಹೆಜ್ಜೆ ಮುಂದೆ ನಡೆದಳು. ಸ್ಥಾವರ, ಜಂಗಮ ಅನ್ನುವುದಕ್ಕೆ ನಾನು ವರ್ಷಗಟ್ಟಲೆ ಕೊಟ್ಟ ವಿವರಣೆಗಳಲ್ಲಿ ಯಾವುದೂ ಇದರ ಹತ್ತಿರಕ್ಕೆ ಬರುವುದಿಲ್ಲ. ಕಿವಿ ಕೇಳುವ ನನ್ನ ವಿದ್ಯಾರ್ಥಿಗಳು ಇನ್ನೊಮ್ಮೆ ತೋರಿಸು ಅಂತ ಅವಳನ್ನು ಕೇಳಿಕೊಂಡು ಮತ್ತೆ ಮತ್ತೆ ನೋಡಿದರು. ಸಾಹಿತ್ಯ ಕಿವುಡ ಮಕ್ಕಳಿಗೆ ಏನು ಕೊಡುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಅವರು ಕನ್ನಡಕ್ಕೆ ಏನು ಕೊಡುತ್ತಾರೆ ಅಂತಲೂ ಕೇಳಬೇಕು.

ಈಗ ಕಾಲ ಸ್ವಲ್ಪ ಅನುಕೂಲವಾಗಿದೆ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾ ಭಾಷೆಯ ರಾಷ್ಟ್ರೀಯ ಕೇಂದ್ರ ಶುರುವಾಯಿತು. ಅವರ ನಿಘಂಟಿನಲ್ಲಿ 2021ರ ಹೊತ್ತಿಗೆ 10,000 ಪದಗಳಾದವು. ಕೇಂದ್ರ ಸರ್ಕಾರದ ಶಾಲಾ ಪಠ್ಯ ಸಂಸ್ಥೆಯಾದ ಎನ್‌ಸಿಇಆರ್‌ಟಿಯ ಪಠ್ಯಗಳನ್ನು ಸನ್ನೆ ಭಾಷೆಗೆ ತರಲು 2020ರಲ್ಲಿ ಒಪ್ಪಂದವಾಯಿತು. ಅಂಥ ಕೆಲಸ ನಮ್ಮ ಕನ್ನಡ ಪಠ್ಯಗಳಿಗೂ ಆಗಬೇಕು. ಪದ್ಯ, ವಚನ, ಕಥೆ ಎಲ್ಲಕ್ಕೂ. ಮಾಡುವವರು ಕಿವುಡರೇ ಆಗಿರಬೇಕು, ಪಕ್ಕದಲ್ಲಿ ಕನ್ನಡ ಮೇಷ್ಟ್ರು ಕೂತಿರಬೇಕು.

ಆಪರೇಷನ್ ಮಾಡಿ ಕಿವಿಯೊಳಗೆ ಹಾಕುವ ಇಂಪ್ಲಾಂಟ್, ಹಿಯರಿಂಗ್ ಏಡ್ ಬೇಡ ಅಂತ ನಾನು ಹೇಳುತ್ತಿಲ್ಲ. ಅವು ಇರಲಿ, ಸನ್ನೆಯೂ ಇರಲಿ. ವಿನಾಯಿತಿಯೂ ಇರಲಿ, ಆದರೆ ಕನ್ನಡವನ್ನು ಬಿಡುವ ಮೊದಲು ಆ ಮಗುವಿಗೆ ಅದರ ಭಾಷೆಯಲ್ಲಿ ಕನ್ನಡವನ್ನು ತೋರಿಸಿರಬೇಕು. ಆಮೇಲೆ ಬೇಡ ಅಂದರೆ ಅದು ಅದರ ಇಷ್ಟ.

ಈ ಸಭೆಯಲ್ಲಿ ಕವಿಗೋಷ್ಠಿ ನಡೆಸುವವರು ತುಂಬ ಜನ ಇದ್ದೀರಿ. ನಿಮ್ಮ ಮುಂದಿನ ಗೋಷ್ಠಿಗೆ ಒಬ್ಬ ಕಿವುಡ ಕವಿಯನ್ನು ಕರೆಯಿರಿ. ಅವರಿಗೂ ಉಳಿದ ಕವಿಗಳಷ್ಟೇ ಸಮಯ ಕೊಡಿ. ಇಂಟರ್ಪ್ರಿಟರ್‌ಗೆ ಸಂಭಾವನೆ ಕೊಡಿ, ಕವಿತೆಯನ್ನು ಮೊದಲೇ ಕಳಿಸಿ. ವೇದಿಕೆಯ ಬೆಳಕು ಮುಖ ಮತ್ತು ಕೈ ಎರಡರ ಮೇಲೂ ಬೀಳುವ ಹಾಗೆ ಇರಲಿ. ಹಿಂದೆ ಹೂವಿನ ಬ್ಯಾನರ್ ಬೇಡ, ಒಂದೇ ಬಣ್ಣದ ಪರದೆ ಸಾಕು. ಯಾರನ್ನು ಕರೆಯಬೇಕು ಅಂತ ಗೊತ್ತಾಗದಿದ್ದರೆ ನನ್ನನ್ನು ಕೇಳಿ, ನನ್ನ ಹಳೆಯ ವಿದ್ಯಾರ್ಥಿಗಳು ಇದೇ ಊರಿನಲ್ಲಿದ್ದಾರೆ.