ದೀಪ ಹತ್ತಿದ ಕೂಡಲೇ ಸೆನ್ಸರ್ ಬದಲಿಸಬೇಡಿ

ಕೇಳುಗರಿಗೆ ನಮಸ್ಕಾರ. ಕಾರಿನ ಎಂಜಿನ್ ದೀಪ ಹತ್ತಿದ ಕೂಡಲೇ ಸೆನ್ಸರ್ ಬದಲಿಸಬೇಡಿ, ಮೊದಲು ಪರೀಕ್ಷೆ ಮಾಡಿಸಿ ಎಂಬುದೇ ಇವತ್ತಿನ ಮಾತು.

ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ನನ್ನ ಗ್ಯಾರೇಜಿಗೆ ಪೆಟ್ರೋಲ್ ಕಾರೊಂದನ್ನು ತಂದರು. ಬೆಳಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತು. ಮಂಗಳೂರಿನಿಂದ ವಾಪಸ್ ಬರುವಾಗ ಶಿರಾಡಿ ಘಾಟಿಯಲ್ಲಿ ಮಾತ್ರ ದಿಢೀರನೆ ಆಫ್. ಅರ್ಧ ಗಂಟೆ ಬಾನೆಟ್ ಎತ್ತಿಟ್ಟರೆ ಮತ್ತೆ ಸ್ಟಾರ್ಟ್. ಅಷ್ಟರಲ್ಲಿ ಬೇರೆಡೆ ಪೆಟ್ರೋಲ್ ಪಂಪ್, ಪ್ಲಗ್, ಕಾಯಿಲ್ ಎಲ್ಲ ಬದಲಾಗಿದ್ದವು. ದುಡ್ಡು ಹೋಯಿತು, ರೋಗ ಉಳಿಯಿತು.

ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿದೆ. ಕಾರಿನ ಕಂಪ್ಯೂಟರ್ ದೋಷ ಕಂಡಾಗ ಬರೆದಿಡುವ ಕೋಡ್ ಒಂದೂ ಇರಲಿಲ್ಲ. ಹಾಗಾಗಿ ಗಾಡಿ ನಿಲ್ಲುವವರೆಗೂ ಬಿಸಿ ಮಾಡಿ ಓಡಿಸಿದೆ. ನಿಂತ ಕೂಡಲೇ ಸೆಲ್ಫ್ ಹೊಡೆಯುತ್ತಾ ಪರದೆ ನೋಡಿದೆ. ಎಂಜಿನ್ ತಿರುಗುತ್ತಿದೆ, ಆದರೆ ಆರ್‌ಪಿಎಂ ಸೊನ್ನೆ! ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಸುದ್ದಿ ಕೊಡದಿದ್ದರೆ ಪಿಸ್ಟನ್ ಎಲ್ಲಿದೆಯೆಂದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ; ಅದು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಚಿಮ್ಮಿಸುವುದಿಲ್ಲ. ಆ ಕಾರಿನದು ಎರಡು ತಂತಿಯ ಸೆನ್ಸರ್. ಒಳಗೆ ಕೂದಲೆಳೆಯಂಥ ತಂತಿಯ ಸುರುಳಿ ಇರುತ್ತದೆ. ಬಿಸಿಗೆ ಅದು ಎಲ್ಲೋ ಬಿಟ್ಟುಕೊಳ್ಳುತ್ತಿತ್ತು. ಮಲ್ಟಿಮೀಟರ್ ಹಿಡಿದರೆ ತಣ್ಣಗಿರುವಾಗ ಸರಿಯಾದ ಓಮ್, ಅಂದರೆ ವಿದ್ಯುತ್ ತಡೆ ಸರಿ; ಬಿಸಿಯಾದಾಗ ಓಪನ್, ಅಂದರೆ ತಂತಿ ಕಡಿದಂತೆ. ವೈರಿಂಗ್ ಚೆನ್ನಾಗಿತ್ತು. ಆಮೇಲಷ್ಟೇ ಹೊಸ ಸೆನ್ಸರ್ ಹಾಕಿದೆ.

ಕೋಡ್ ಬಂದರೆ ಕೆಲಸ ಸುಲಭ ಎಂದುಕೊಳ್ಳುತ್ತಾರೆ. ಪಿ 0118 ಎಂಬ ಕೋಡ್ ನೋಡಿ. ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವದ ತಾಪ ಅಳೆಯುವ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೆಚ್ಚಿದೆ ಎಂದಷ್ಟೇ ಅದರ ಅರ್ಥ. ಸರ್ಕ್ಯೂಟ್ ಎಂದರೆ ಸೆನ್ಸರ್, ಕನೆಕ್ಟರ್, ತಂತಿ, ಕಂಪ್ಯೂಟರ್ ಎಲ್ಲವೂ. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ಟಿನೊಳಗೆ ಸೇರುವ ಇಲಿ ತಂತಿ ಕಡಿದರೂ ಇದೇ ಕೋಡ್ ಬರುತ್ತದೆ. ಆಗ ಸ್ಕ್ಯಾನರಿನಲ್ಲಿ ಸಾಮಾನ್ಯವಾಗಿ ಮೈನಸ್ 40 ಡಿಗ್ರಿ ಕಾಣುತ್ತದೆ. ನಮ್ಮೂರಲ್ಲಿ ಮೈನಸ್ 40! ಹಾಗೆ ನಂಬಿದ ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಸುರಿದರೆ ಕಪ್ಪು ಹೊಗೆ ಬರುತ್ತದೆ, ಮೈಲೇಜ್ ಬೀಳುತ್ತದೆ.

ನಾನು ಮಾಡುವ ಪರೀಕ್ಷೆ ಇದು. ಕನೆಕ್ಟರ್ ಬಿಚ್ಚಿ ತಂತಿಯ ಕಡೆಯ ಎರಡು ಪಿನ್ನುಗಳನ್ನು ಒಂದು ತುಂಡು ವೈರಿನಿಂದ ಸೇರಿಸುತ್ತೇನೆ. ತಾಪ ಮೈನಸ್ಸಿನಿಂದ ನೂರು ದಾಟಿ ಹಾರಿದರೆ ತಂತಿ, ಕಂಪ್ಯೂಟರ್ ಸರಿಯಿವೆ. ತಪ್ಪು ಸೆನ್ಸರಿನದು ಅಥವಾ ಅದರ ಪಿನ್ನುಗಳದು. ಅಲುಗದಿದ್ದರೆ ತಂತಿಯಲ್ಲಿ ತಪ್ಪು ಹುಡುಕಬೇಕು. ಎರಡು ತಂತಿಯ ತಾಪದ ಸೆನ್ಸರಿಗೆ ಮಾತ್ರ ಇದನ್ನು ಮಾಡಿ. ಐದು ವೋಲ್ಟಿನ ಮೂರು ತಂತಿಯವಕ್ಕೆ ಹೀಗೆ ಮಾಡಿದರೆ ಬೇರೆ ಅನಾಹುತವಾದೀತು. ಬಿಚ್ಚಿದ ಸೆನ್ಸರನ್ನು ಬಿಸಿನೀರಿನಲ್ಲಿ ಅದ್ದಿಯೂ ನೋಡಬಹುದು. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್ ಆಸುಪಾಸು, 80ರಲ್ಲಿ ಮುನ್ನೂರರ ಹತ್ತಿರ ಬರುತ್ತದೆ.

ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿದೆ ಎನ್ನುವ ಪಿ 0171 ಕೋಡ್ ಬಂದಾಗ, ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರನ್ನೇ ಕಿತ್ತು ಹಾಕುವವರಿದ್ದಾರೆ. ಎಷ್ಟೋ ಸಲ ಆ ಸೆನ್ಸರ್ ನಿಜವನ್ನೇ ಹೇಳಿರುತ್ತದೆ: ಗಾಳಿಯ ಪೈಪು ಬಿರುಕು ಬಿಟ್ಟು ಅಳತೆ ಮೀರಿದ ಗಾಳಿ ಒಳಹೋಗುತ್ತಿರುತ್ತದೆ.

ಕೋಡ್ ಅಳಿಸುವ ಮೊದಲು ಬರೆದಿಟ್ಟುಕೊಳ್ಳಲು ಮೆಕ್ಯಾನಿಕ್‌ಗೆ ಹೇಳಿ. ಎಂಜಿನ್ ದೀಪ ಮಿಣಮಿಣ ಹತ್ತಿ ಆರುತ್ತಿದ್ದರೆ ಗಾಡಿ ನಿಲ್ಲಿಸಿ. ಮಿಸ್‌ಫೈರಿಂಗ್‌ನಿಂದ, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯದೆ ಹೋಗುವುದರಿಂದ, ಸೈಲೆನ್ಸರ್ ಸಾಲಿನಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋದೀತು. ಗಾಡಿ ತಣ್ಣಗಿದ್ದಾಗ ಕೆಟ್ಟಿತೇ, ಬಿಸಿಯಾದ ಮೇಲೋ, ಮಳೆಯಲ್ಲೋ ಎಂಬುದನ್ನು ಮರೆಯದೆ ತಿಳಿಸಿ. ಆ ಬೆಳೆಗಾರರು "ಬಿಸಿಯಾದ ಮೇಲಷ್ಟೇ" ಎಂದಿದ್ದರಿಂದಲೇ ನಾನು ಆ ಕಾರನ್ನು ಬಿಸಿ ಮಾಡಿ ನೋಡಿದ್ದು.

ನಮಸ್ಕಾರ.