ಅರಿಸ್ಟಾಟಲ್ ಹೆಸರಿನ ಪುಸ್ತಕ, ಬರೆದವರು ಯಾರು?

[ಸ್ಕ್ರೀನ್: ಹಳೇ ಗ್ರೀಕ್ ನಕ್ಷೆ, ಲ್ಯಾಂಪ್ಸಕಸ್ ಊರಿನ ಮೇಲೆ ಕೆಂಪು ಚುಕ್ಕಿ]

ನಮಸ್ಕಾರ. ಲ್ಯಾಂಪ್ಸಕಸ್ ಊರಿನವರು ಪರ್ಷಿಯಾ ದೊರೆಯ ಕಡೆಗಿದ್ದಾರೆ ಅಂತ ಅಲೆಕ್ಸಾಂಡರ್ ಕೆಂಡವಾಗಿದ್ದ. ಸಮಾಧಾನ ಮಾಡಲು ಊರಿನವರು ಅನಾಕ್ಸಿಮಿನೀಸ್ ಎಂಬ ಮಾತುಗಾರನನ್ನು ಕಳಿಸಿದರು. ಅಲೆಕ್ಸಾಂಡರ್ ಮೊದಲೇ ಆಣೆ ಇಟ್ಟುಬಿಟ್ಟ: ಇವನು ಕೇಳಿದ್ದಕ್ಕೆ ಉಲ್ಟಾನೇ ಮಾಡುತ್ತೇನೆ! ಅನಾಕ್ಸಿಮಿನೀಸ್ ಬಂದವನೇ, ನಮ್ಮೂರನ್ನು ನೆಲಸಮ ಮಾಡಿ, ಗುಡಿಗಳನ್ನು ಸುಟ್ಟುಹಾಕಿ ಅಂತ ಬೇಡಿಕೊಂಡ. ಊರು ಉಳಿಯಿತು.

ಈ ಕಥೆ ಹೇಳಿದವನು 2ನೇ ಶತಮಾನದ ಗ್ರೀಕ್ ಪ್ರವಾಸಿ ಲೇಖಕ ಪೌಸಾನಿಯಸ್. ನಿಜವೋ ಸುಳ್ಳೋ, ಆಸಾಮಿ ಎಂಥವನು ಅಂತ ಗೊತ್ತಾಯಿತಲ್ವಾ?

[ಸ್ಕ್ರೀನ್: ಗ್ರೀಕ್ ಹಸ್ತಪ್ರತಿಯ ಪುಟ]

ಈಗ ಪುಸ್ತಕಕ್ಕೆ ಬರೋಣ. ‘ಅಲೆಕ್ಸಾಂಡರನಿಗೆ ಭಾಷಣ ಕಲೆ’ ಎಂಬ ಕೈಪಿಡಿ ಅರಿಸ್ಟಾಟಲ್ ಬರಹಗಳ ಜೊತೆಯಲ್ಲೇ ನಮ್ಮ ಕೈ ಸೇರಿದೆ. ಶುರುವಿನಲ್ಲಿ ಅರಿಸ್ಟಾಟಲ್ ತನ್ನ ಶಿಷ್ಯ ಅಲೆಕ್ಸಾಂಡರನಿಗೆ ಬರೆದ ಪತ್ರವೂ ಇದೆ. ಇನ್ನೇನು ಬೇಕು? ಆದರೆ ಆ ಪತ್ರವೇ ಖೋಟಾ ಎನ್ನುತ್ತಾರೆ ಬಹುತೇಕ ವಿದ್ವಾಂಸರು.

ಅಸಲಿ ಸುಳಿವು ಸಿಗುವುದು ರೋಮಿನ ಮೇಷ್ಟ್ರು ಕ್ವಿಂಟಿಲಿಯನ್ ಹತ್ತಿರ. ಅನಾಕ್ಸಿಮಿನೀಸ್ ಭಾಷಣಗಳಲ್ಲಿ 2 ಜಾತಿ ಮಾಡಿದ್ದ, ಒಂದು ಕೋರ್ಟಿನದು, ಒಂದು ಜನಸಭೆಯದು ಅಂತ ಇವನು ಬರೆದಿದ್ದಾನೆ. ಅವುಗಳಲ್ಲಿ ಒಟ್ಟು 7 ಬಗೆ: ಮಾಡಿ ಅನ್ನುವುದು, ಬೇಡ ಅನ್ನುವುದು, ಹೊಗಳುವುದು, ತೆಗಳುವುದು, ಆರೋಪ ಹೊರಿಸುವುದು, ಆರೋಪಕ್ಕೆ ಉತ್ತರ ಕೊಡುವುದು, ಕೆದಕಿ ಪರೀಕ್ಷಿಸುವುದು. ನಮ್ಮ ಕೈಪಿಡಿಯಲ್ಲೂ ಇದೇ 7 ಇವೆ! ಇಟಲಿಯ ಪಿಯೆರೊ ವೆಟ್ಟೊರಿ 1548ರಲ್ಲೇ ಇದನ್ನು ಹಿಡಿದು, ಕರ್ತೃ ಅನಾಕ್ಸಿಮಿನೀಸ್ ಅಂದ.

ಒಂದು ತೊಡಕಿದೆ. ಕೈಪಿಡಿಯ ಹಸ್ತಪ್ರತಿಗಳಲ್ಲಿ ಇರುವುದು 2 ಜಾತಿಯಲ್ಲ, 3. ಅದು ಅರಿಸ್ಟಾಟಲ್‌ನ ಲೆಕ್ಕ. 1844ರಲ್ಲಿ ಜರ್ಮನಿಯ ಸ್ಪೆಂಗೆಲ್ ಅಚ್ಚು ಹಾಕಿಸುವಾಗ ಸೀದಾ 3ನ್ನು 2 ಅಂತ ತಿದ್ದಿಬಿಟ್ಟ. ಸಾಕ್ಷಿಯನ್ನೇ ತಿದ್ದಿ ಕೇಸು ಗೆದ್ದ ಹಾಗಾಯಿತಲ್ಲ ಅಂತ ನನಗೂ ಅನ್ನಿಸಿತ್ತು. ಆದರೆ ಅವನು ಸುಮ್ನೆ ತಿದ್ದಿದ್ದಲ್ಲ. 5ನೇ ಶತಮಾನದ ಗ್ರೀಕ್ ತತ್ವಜ್ಞಾನಿ ಸಿರಿಯಾನಸ್, ಅರಿಸ್ಟಾಟಲ್ ಹೆಸರಿನಲ್ಲೇ 2 ಜಾತಿ, 7 ಬಗೆಯ ಮಾತಾಡುತ್ತಾನೆ. ಅಂದರೆ ಅವನು ಓದಿದ ಪ್ರತಿಯಲ್ಲಿ 2 ಅಂತಲೇ ಇದ್ದಿರಬೇಕು. ಆಮೇಲೆ ಯಾರೋ ಅದನ್ನು ಅರಿಸ್ಟಾಟಲ್ ಲೆಕ್ಕಕ್ಕೆ ಹೊಂದಿಸಿರಬೇಕು.

1906ರಲ್ಲಿ ಈಜಿಪ್ಟಿನ ಹಿಬೆ ಎಂಬಲ್ಲಿ ಸಿಕ್ಕ ಪಪೈರಸ್ (ಜೊಂಡಿನಿಂದ ಮಾಡಿದ ಹಳೇ ಕಾಗದ) ಚೂರುಗಳು ಪ್ರಕಟವಾದವು. ಅವುಗಳಲ್ಲಿ ಈ ಕೈಪಿಡಿಯ ಭಾಗಗಳೂ ಇದ್ದವು, ಕ್ರಿ.ಪೂ. 3ನೇ ಶತಮಾನದವು. ಪುಸ್ತಕ ಹಳೆಯದು ಅನ್ನುವುದು ಖಾತ್ರಿಯಾಯಿತು, ಆದರೆ ಬರೆದವನ ಹೆಸರು ಅದರಲ್ಲಿ ಸಿಗಲಿಲ್ಲ. ಹಾಗಾಗಿ ಅನುಮಾನ ಪಡುವವರು ಈಗಲೂ ಇದ್ದಾರೆ. ನನ್ನ ಓಟು ಅನಾಕ್ಸಿಮಿನೀಸ್‌ಗೆ.

[ಸ್ಕ್ರೀನ್: ಮೂರು ಊರುಗಳು: ಅಥೆನ್ಸ್, ಸ್ಪಾರ್ಟಾ, ಥೀಬ್ಸ್]

ಪೌಸಾನಿಯಸ್ ಅನಾಕ್ಸಿಮಿನೀಸ್ ಬಗ್ಗೆ ಇನ್ನೊಂದು ಕಥೆಯನ್ನೂ ಹೇಳುತ್ತಾನೆ. ಥಿಯೊಪಾಂಪಸ್ ಎಂಬ ಇತಿಹಾಸಕಾರನಿಗೂ ಇವನಿಗೂ ಆಗುತ್ತಿರಲಿಲ್ಲ. ಇವನು ಏನು ಮಾಡಿದ ಗೊತ್ತಾ? ಥಿಯೊಪಾಂಪಸ್‌ನ ಶೈಲಿಯನ್ನೇ ನಕಲು ಮಾಡಿ, ಈ ಮೂರೂ ಊರುಗಳನ್ನು ಬೈದು ಒಂದು ಪುಸ್ತಕ ಬರೆದ. ಮೇಲೆ ಥಿಯೊಪಾಂಪಸ್ ಹೆಸರು ಹಾಕಿ ಊರೂರಿಗೆ ಕಳಿಸಿದ. ಗ್ರೀಸಿನ ಜನರೆಲ್ಲ ಶಾಪ ಹಾಕಿದ್ದು ಪಾಪ, ಥಿಯೊಪಾಂಪಸ್‌ಗೆ.