ಮೌಸ್ ಪಕ್ಕಕ್ಕಿಡಿ, ಅರ್ಜಿ ತುಂಬಿ

ಕೇಳುಗರಿಗೆ ನಮಸ್ಕಾರ. ವಿಕಲಚೇತನರು ಮತ್ತು ಆನ್‌ಲೈನ್ ಉದ್ಯೋಗ ಅರ್ಜಿ, ಈ ವಿಷಯದ ಮೇಲೆ ಮಾತಾಡಿ ಅಂತ ಕರೆದಿದಾರೆ, ಹತ್ತು ನಿಮಿಷ ಕೊಟ್ಟಿದಾರೆ. ಹತ್ತು ನಿಮಿಷಕ್ಕೆ ನನ್ನ ಹತ್ರ ಇರೋದು ಒಂದೇ ಮಾತು, ಅದನ್ನೇ ತಿರುಗಾ ಮುರುಗಾ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಯಾರಿಗೆ ಹೇಳ್ತಾ ಇದೀನಿ ಅಂದ್ರೆ ಅರ್ಜಿ ಫಾರಂ ಮಾಡೋರಿಗೆ. ಕಂಪನಿ ಎಚ್‌ಆರ್‌ನಲ್ಲಿ ಇರೋರು, ಇಲಾಖೆಗಳ ನೇಮಕಾತಿ ಶಾಖೆಯಲ್ಲಿ ಇರೋರು, ಅವರಿಗೆ ವೆಬ್‌ಸೈಟ್ ಬರೆದುಕೊಡೋ ಹುಡುಗ ಹುಡುಗೀರು. ಬೆಳಗ್ಗೆ ಸಿಗ್ನಲ್ಲಲ್ಲಿ ಕೂತು ರೇಡಿಯೋ ಹಾಕ್ಕೊಂಡಿರ್ತೀರಲ್ಲ, ನಿಮಗೇ.

ಮಾತು ಇಷ್ಟು. ಆಫೀಸಿಗೆ ಹೋದಮೇಲೆ ನಿಮ್ಮದೇ ಉದ್ಯೋಗ ಅರ್ಜಿಯ ಪೇಜ್ ತೆಗೀರಿ. ಮೌಸ್ ಪಕ್ಕಕ್ಕಿಡಿ. ಬರೀ ಕೀಬೋರ್ಡಲ್ಲಿ ಪೂರ್ತಿ ಅರ್ಜಿ ತುಂಬಿ ಸಬ್ಮಿಟ್ ಮಾಡಿ. ಟ್ಯಾಬ್ ಒತ್ತಿದ್ರೆ ಮುಂದಕ್ಕೆ ಹೋಗುತ್ತೆ, ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದ್ರೆ ಹಿಂದಕ್ಕೆ, ಟಿಕ್ ಹಾಕೋಕೆ ಸ್ಪೇಸ್ ಬಾರ್, ಬಟನ್‌ಗೆ ಎಂಟರ್, ಪಟ್ಟಿಯಲ್ಲಿ ಆರಿಸೋಕೆ ಬಾಣದ ಕೀಗಳು. ಕೊನೇವರೆಗೂ ಹೋಗೋಕಾದ್ರೆ ಮುಕ್ಕಾಲು ಪಾಲು ಕೆಲಸ ಆಗಿದೆ ಅಂತ ತಿಳ್ಕೊಳ್ಳಿ. ಆಗಲಿಲ್ವಾ, ನೀವು ಎಲ್ಲಿ ಸಿಕ್ಕಿಹಾಕ್ಕೊಂಡ್ರೋ ನಾವೂ ಅಲ್ಲೇ ಸಿಕ್ಕಿಹಾಕ್ಕೊಂಡಿರೋದು.

ನಾವು ಅಂದ್ನಲ್ಲ, ನಾನು ಹುಟ್ಟಿನಿಂದ ಕಣ್ಣು ಕಾಣದವನು. ಈಗ ಓದ್ತಾ ಇರೋದೂ ಬ್ರೈಲ್ ಮೇಲೆ ಬೆರಳಾಡಿಸ್ಕೊಂಡೇ, ಮಧ್ಯ ಎಲ್ಲಾದ್ರೂ ತಡವರಿಸಿದ್ರೆ ಸ್ಟುಡಿಯೋ ಎಸಿಯಲ್ಲಿ ಬೆರಳು ಮರಗಟ್ಟಿದೆ ಅಂತ ಅರ್ಥ. ವೆಬ್‌ಸೈಟ್‌ಗಳನ್ನ ಪರೀಕ್ಷೆ ಮಾಡೋದು ನನ್ನ ಕೆಲಸ, ಜೊತೆಗೆ ಕಣ್ಣು ಕಾಣದ ಮಕ್ಕಳಿಗೆ ಸ್ಕ್ರೀನ್ ರೀಡರ್ ಹೇಳಿಕೊಡ್ತೀನಿ. ಪರದೆ ಮೇಲಿರೋದನ್ನ ಬಾಯಿಬಿಟ್ಟು ಓದಿ ಹೇಳೋ ಸಾಫ್ಟ್‌ವೇರ್ ಅದು. ಎನ್‌ವಿಡಿಎ ಅಂತ ಒಂದಿದೆ, ಆಸ್ಟ್ರೇಲಿಯಾದ ಮೈಕಲ್ ಕರನ್ ಅನ್ನೋರು 2006ರಲ್ಲಿ ಶುರು ಮಾಡಿ, ಆಮೇಲೆ ಜೇಮ್ಸ್ ಟೆ ಅನ್ನೋರ ಜೊತೆ ಸೇರಿ ಬೆಳೆಸಿದ್ದು, ಇಬ್ಬರಿಗೂ ಕಣ್ಣು ಕಾಣಲ್ಲ, ಪೂರ್ತಿ ಫ್ರೀ, ಕನ್ನಡನೂ ಓದುತ್ತೆ. ಮೌಸಿನ ಬಾಣ ಎಲ್ಲಿದೆ ಅಂತ ನಮಗೆ ಕಾಣಲ್ಲ, ಹಾಗಾಗಿ ಕೀಬೋರ್ಡೇ ಗತಿ. ಆದ್ರೆ ಕೀಬೋರ್ಡ್ ಬರೀ ನಮ್ಮ ಸ್ವತ್ತಲ್ಲ. ಕೈ ನಡುಗೋರು, ಸೆರೆಬ್ರಲ್ ಪಾಲ್ಸಿ ಇರೋರು, ಬೆನ್ನುಹುರಿಗೆ ಪೆಟ್ಟು ಬಿದ್ದು ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಟೈಪ್ ಮಾಡೋರು, ಒಂದೇ ಒಂದು ಸ್ವಿಚ್ಚಲ್ಲಿ ಇಡೀ ಕಂಪ್ಯೂಟರ್ ನಡೆಸೋರು, ಇವರ ಉಪಕರಣಗಳಲ್ಲಿ ಹೆಚ್ಚಿನವು ಕಂಪ್ಯೂಟರ್ ಪಾಲಿಗೆ ಕೀಬೋರ್ಡೇ. ಕೀಬೋರ್ಡಿಗೆ ಬಗ್ಗೋ ಫಾರಂ ಇವರೆಲ್ಲರಿಗೂ ಬಗ್ಗುತ್ತೆ. ಅದಕ್ಕೇ ಹೇಳೋದು, ಮೌಸ್ ಪಕ್ಕಕ್ಕಿಡಿ.

ನನ್ನ ಹತ್ರ ಕಲಿತ ಒಬ್ಬ ಹುಡುಗಿ ಕಥೆ ಹೇಳ್ತೀನಿ. ಉತ್ತರ ಕರ್ನಾಟಕದ ಕಡೆಯವಳು, ಬಿಕಾಂ ಆಗಿದೆ, ಟೈಪಿಂಗಲ್ಲಿ ನನ್ನನ್ನೇ ಮೀರಿಸ್ತಾಳೆ. ಒಂದು ಸಂಸ್ಥೆಯಲ್ಲಿ ಆಫೀಸ್ ಅಸಿಸ್ಟೆಂಟ್ ಹುದ್ದೆ ಕರೆದಿದ್ರು, ಕಣ್ಣು ಕಾಣದವರಿಗೆ ಮೀಸಲಿಟ್ಟ ಹುದ್ದೆನೂ ಇತ್ತು. ಸಂಸ್ಥೆ ಹೆಸರು ಬೇಡ ಬಿಡಿ. ಅರ್ಜಿ ಹಾಕೋಕೆ ಕೂತ್ಲು. ಟ್ಯಾಬ್ ಒತ್ತಿದ್ಲು, ಸ್ಕ್ರೀನ್ ರೀಡರ್ ‘ಎಡಿಟ್, ಬ್ಲ್ಯಾಂಕ್’ ಅಂತು. ಇನ್ನೊಂದು ಸಲ ಟ್ಯಾಬ್, ‘ಎಡಿಟ್, ಬ್ಲ್ಯಾಂಕ್’. ಮುಂದಕ್ಕೆ ಹೋದ್ರೂ ಅದೇ. ಅಂದ್ರೆ ಇಲ್ಲೊಂದು ಖಾಲಿ ಬಾಕ್ಸಿದೆ, ಏನಾದ್ರೂ ಬರಿ ಅಂತ. ಏನು ಬರೀಬೇಕು? ಬಾಕ್ಸಿನ ಪಕ್ಕ ‘ಅಭ್ಯರ್ಥಿಯ ಹೆಸರು’, ‘ತಂದೆಯ ಹೆಸರು’ ಅಂತ ಕಣ್ಣಿರೋರಿಗೆ ಕಾಣುತ್ತೆ, ಆದ್ರೆ ಆ ಹೆಸರಿಗೂ ಆ ಬಾಕ್ಸಿಗೂ ಕೋಡಿನಲ್ಲಿ ಸಂಬಂಧ ಕಟ್ಟಿಲ್ಲ. ಲೇಬಲ್ ಕಟ್ಟೋದು ಅಂತಾರೆ ಅದನ್ನ, ಡೆವಲಪರ್‌ಗಳಿಗೆ ಗೊತ್ತು, ಒಂದು ಸಾಲಿನ ಕೆಲಸ. ಅವಳು ಮಾರ್ಕ್ಸ್ ಕಾರ್ಡಲ್ಲಿರೋ ಹಾಗೆ ಮೊದಲು ತನ್ನ ಹೆಸರು, ಆಮೇಲೆ ಅಪ್ಪನ ಹೆಸರು ಇರಬಹುದು ಅಂತ ಅಂದಾಜಲ್ಲಿ ತುಂಬ್ತಾ ಹೋದ್ಲು. ಹುಟ್ಟಿದ ತಾರೀಖು ಬಂತು. ಅಲ್ಲಿ ಟೈಪ್ ಮಾಡೋ ಹಾಗಿಲ್ಲ, ‘ರೀಡ್ ಓನ್ಲಿ’. ಮೌಸಲ್ಲಿ ಕ್ಲಿಕ್ ಮಾಡಿದ್ರೆ ಕ್ಯಾಲೆಂಡರ್ ತೆರೆಯುತ್ತೆ, ಅದರಲ್ಲಿ ಇವತ್ತಿನ ತಿಂಗಳಿಂದ ಒಂದೊಂದೇ ತಿಂಗಳು ಹಿಂದಕ್ಕೆ ಒತ್ಕೊಂಡು ಹುಟ್ಟಿದ ವರ್ಷದ ತನಕ ಹೋಗಬೇಕು. ಇಪ್ಪತ್ತು ಚಿಲ್ಲರೆ ವರ್ಷ ಆದವರು ಎಷ್ಟು ಸಲ ಒತ್ತಬೇಕು ನೀವೇ ಲೆಕ್ಕ ಹಾಕಿ. ಕಣ್ಣಿರೋರಿಗೂ ಅದು ಶಿಕ್ಷೆನೇ! ಟ್ಯಾಬಲ್ಲಂತೂ ಆ ಕ್ಯಾಲೆಂಡರ್ ಒಳಗೇ ಹೋಗಕ್ಕಾಗಲ್ಲ. ನನಗೆ ಫೋನ್ ಮಾಡಿದ್ಲು, “ಸರ್, ಹುಟ್ಟಿದ ತಾರೀಖನೇ ಬರೀಲಿಕ್ಕೆ ಬಿಡವಲ್ದ್ರಿ ಇದು” ಅಂತ. ನಾನೂ ನನ್ನ ಕಂಪ್ಯೂಟರಲ್ಲಿ ತೆಗೆದು ನೋಡ್ತಾ ಇದೀನಿ, ಅಷ್ಟರಲ್ಲಿ ಅವಳ ಕಡೆ ಸೆಷನ್ ಎಕ್ಸ್‌ಪೈರ್ಡ್, ಟೈಮ್ ಮುಗೀತು ಅಂತ ಹೇಳಿ ತುಂಬಿದ್ದೆಲ್ಲ ಅಳಿಸಿಹೋಯ್ತು.

ಹೆಲ್ಪ್‌ಲೈನಿಗೆ ಫೋನ್ ಹಾಕಿದ್ಲು. ಅವರು ಪಾಪ ಮರ್ಯಾದೆಯಿಂದಲೇ ಹೇಳಿದ್ರು, “ಮೇಡಂ, ಕಣ್ಣು ಕಾಣೋರು ಯಾರನ್ನಾದ್ರೂ ಕೂರಿಸ್ಕೊಳ್ಳಿ, ಇಲ್ಲಾಂದ್ರೆ ಸೈಬರ್ ಸೆಂಟರ್‌ಗೆ ಹೋಗಿ” ಅಂತ. ಹೋದ್ಲು. ಕೊನೇ ದಿನ, ಸರ್ವರ್ ಸ್ಲೋ, ಹಿಂದೆ ಉದ್ದ ಕ್ಯೂ. ಸೈಬರ್ ಹುಡುಗನಿಗೆ ಆಧಾರ್, ಮಾರ್ಕ್ಸ್ ಕಾರ್ಡು, ವಿಕಲಚೇತನರ ಗುರುತಿನ ಚೀಟಿ ಯುಡಿಐಡಿ ಕಾರ್ಡು ಎಲ್ಲ ಕೊಟ್ಲು, ಪಾಸ್‌ವರ್ಡ್ ಅವನೇ ಹಾಕಿ ಅವನ ನೋಟ್‌ಬುಕ್ಕಲ್ಲಿ ಬರ್ಕೊಂಡ. ಅಂಗವೈಕಲ್ಯದ ಕಾಲಂ ಬಂತು, ಪಟ್ಟಿಯಲ್ಲಿ ಎಚ್‌ಎಚ್, ಒಎಚ್, ವಿಎಚ್ ಅಂತ ಬರೀ ಎರಡೆರಡು ಅಕ್ಷರ. ಅವನಿಗೇನು ಗೊತ್ತು, ಒಎಚ್ ಆರಿಸಿದ. ಅಂದ್ರೆ ಕೈಕಾಲಿನ ಅಂಗವೈಕಲ್ಯ, ಅವಳದ್ದು ವಿಎಚ್, ದೃಷ್ಟಿಯದ್ದು. ಪ್ರಿಂಟ್ ಕೈಗೆ ಕೊಟ್ಟ, ಅವಳಿಗೆ ಅದನ್ನ ಓದಿ ಸರಿಯಿದೆಯಾ ಅಂತ ನೋಡೋ ದಾರಿ ಇಲ್ಲ. ಪರೀಕ್ಷೆ ಬರೆದ್ಲು, ಪಾಸಾದ್ಲು. ದಾಖಲೆ ಪರಿಶೀಲನೆ ದಿನ ಸರ್ಟಿಫಿಕೇಟಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು. “ಅರ್ಜಿಯಲ್ಲಿ ನೀವೇ ಘೋಷಿಸಿದೀರಲ್ಲಮ್ಮ” ಅಂದ್ರು. ಮುಗೀತು.

ನಾನು ಆ ವೆಬ್‌ಸೈಟ್ ಮಾಡಿದೋರನ್ನ ಹುಡುಕ್ಕೊಂಡು ಹೋದೆ. ಚೆನ್ನಾಗೇ ಮಾತಾಡಿಸಿದ್ರು, ಕಾಫಿ ತರಿಸಿದ್ರು. “ಸಾರ್ ನಮ್ದು ಫುಲ್ ಆಕ್ಸೆಸಿಬಲ್, ಎಲ್ಲರೂ ಬಳಸಬಹುದು, ಮೇಲ್ಗಡೆ ಅಕ್ಷರ ದೊಡ್ಡದು ಚಿಕ್ಕದು ಮಾಡೋ ಎ ಪ್ಲಸ್ ಎ ಮೈನಸ್ ಬಟನ್ ಕೊಟ್ಟಿದೀವಿ, ಬಣ್ಣ ಬದಲಾಯಿಸೋ ಬಟನ್ ಕೊಟ್ಟಿದೀವಿ” ಅಂದ್ರು. ನಾನು ಏನೂ ವಾದ ಮಾಡಲಿಲ್ಲ, ಕೋಡ್ ಬರೆದ ಹುಡುಗನ ಮೌಸ್ ಇಸ್ಕೊಂಡು ಮಡಿಲಲ್ಲಿ ಇಟ್ಕೊಂಡೆ, ಈಗ ತುಂಬಪ್ಪ ಅಂದೆ. ಟ್ಯಾಬ್ ಒತ್ತೋ ಸದ್ದು ಕೇಳಿಸ್ತು. ಇನ್ನೊಂದು ಸಲ ಕೇಳಿಸ್ತು. ಆಮೇಲೆ, “ಸಾರ್ ನಾನು ಎಲ್ಲಿದೀನಿ ಅಂತಾನೇ ಕಾಣ್ತಿಲ್ಲ” ಅಂದ. ಟ್ಯಾಬ್ ಒತ್ತಿದಾಗ ಬಾಕ್ಸಿನ ಸುತ್ತ ಒಂದು ಗೆರೆ ಬರಬೇಕು, ಅದು ಚೆನ್ನಾಗಿ ಕಾಣಲ್ಲ ಅಂತ ಡಿಸೈನರ್ ತೆಗೆಸಿಬಿಟ್ಟಿದ್ರಂತೆ. ಹೇಗೋ ತಡಕಾಡ್ಕೊಂಡು ಹುಟ್ಟಿದ ತಾರೀಖಿಗೆ ಬಂದ, ಅಲ್ಲೇ ನಿಂತ. ಅವನ ಬಾಸ್ ನಕ್ಕು “ಕೊಡೋ ಇಲ್ಲಿ” ಅಂತ ತಾವು ಕೂತ್ರು, ಅವರೂ ಅಲ್ಲೇ ನಿಂತ್ರು. ನಾನು ಯಾರನ್ನೂ ಬೈಯಲಿಲ್ಲ, ಬೈಯೋ ಅಗತ್ಯನೇ ಬೀಳಲಿಲ್ಲ. ಆ ಹುಡುಗ ಅಲ್ಲೇ ಒಂದು ಲೇಬಲ್ ಕಟ್ಟಿ ತೋರಿಸಿದ, ಸ್ಕ್ರೀನ್ ರೀಡರ್ ಹಾಕಿ ಕೇಳಿದ್ರೆ ‘ತಂದೆಯ ಹೆಸರು, ಎಡಿಟ್’ ಅಂತ ನೀಟಾಗಿ ಹೇಳ್ತು, ನನ್ನ ಕಾಫಿ ಇನ್ನೂ ಆರಿರಲಿಲ್ಲ. ತಾರೀಖಿಗೆ ಕ್ಯಾಲೆಂಡರ್ ತೆಗೆದು ದಿನ, ತಿಂಗಳು, ವರ್ಷ ಟೈಪ್ ಮಾಡೋ ಮೂರು ಬಾಕ್ಸ್ ಇಟ್ರು. ಫಾರಂ ಸರಿಹೋಯ್ತು, ಆ ಹುಡುಗಿಗೆ ಆ ಕೆಲಸ ಮಾತ್ರ ಸಿಗಲಿಲ್ಲ.

ಕಥೆಗೇ ಅರ್ಧಕ್ಕಿಂತ ಹೆಚ್ಚು ಟೈಮ್ ಹೋಯ್ತು, ಉಳಿದಿದ್ದು ಬೇಗ ಬೇಗ ಹೇಳ್ತೀನಿ.

ಕಾನೂನು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನ ಗುರುತಿಸುತ್ತೆ, ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡ 4 ಮೀಸಲಾತಿ ಕೊಡುತ್ತೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲೇ ನಾವು 13 ಲಕ್ಷಕ್ಕೂ ಹೆಚ್ಚು ಜನ ಇದೀವಿ. ಮೀಸಲಾತಿ ಕೊಟ್ಟು ಅರ್ಜಿ ತುಂಬೋಕೆ ಬಿಡದೇ ಇರೋದು, ಊಟಕ್ಕೆ ಕರೆದು ಎಲೆನ ಅಟ್ಟದ ಮೇಲೆ ಹಾಕಿದ ಹಾಗೆ. ವೆಬ್‌ಸೈಟ್‌ಗಳಿಗೆ ಡಬ್ಲ್ಯುಸಿಎಜಿ ಅಂತ ಅಂತಾರಾಷ್ಟ್ರೀಯ ಮಾನದಂಡ ಇದೆ, ಎಲ್ಲವೂ ಕೀಬೋರ್ಡಲ್ಲಿ ನಡೀಬೇಕು ಅನ್ನೋದು ಅದರ ತೀರಾ ಕೆಳಗಿನ ಮಟ್ಟದ, ಅಂದ್ರೆ ಒಂದನೇ ಮೆಟ್ಟಿಲಿನ ನಿಯಮ, 2008ರಿಂದಲೂ ಇದೆ. ಟೈಮ್ ಮುಗಿಯೋ ಮೊದಲು ಎಚ್ಚರಿಸಿ, ಇನ್ನಷ್ಟು ಸಮಯ ತಗೊಳ್ಳೋ ಅವಕಾಶ ಕೊಡಬೇಕು ಅನ್ನೋದೂ ಅದೇ ಮೆಟ್ಟಿಲಲ್ಲಿದೆ. ನಮ್ಮ ಸರ್ಕಾರಿ ವೆಬ್‌ಸೈಟ್‌ಗಳ ಮಾರ್ಗಸೂಚಿ ಜಿಐಜಿಡಬ್ಲ್ಯು, ಅದು ಬಂದಿದ್ದು 2009ರಲ್ಲಿ. ಇವೆಲ್ಲ ಬರೀ ಸಲಹೆ ಅನ್ಕೊಂಡು ಕೂತಿರೋರಿಗೆ ಒಂದು ಮಾತು, 2024ರ ನವೆಂಬರ್ 8ರಂದು ರಾಜೀವ್ ರತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಲಹೆ ಸಾಲದು, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳಿದೆ.

ಇನ್ನು ಕನ್ನಡದ್ದೇ ಒಂದು ತೊಂದರೆ. ನೇಮಕಾತಿ ಅಧಿಸೂಚನೆನ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿ ಪಿಡಿಎಫ್ ಹಾಕ್ತಾರೆ. ಕಣ್ಣಿಗೆ ಅಚ್ಚ ಕನ್ನಡ, ಒಳಗಿರೋದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಸ್ಕ್ರೀನ್ ರೀಡರ್ ಆ ಕಲಸುಮೇಲೋಗರನೇ ಓದುತ್ತೆ. ಇಲ್ಲಾಂದ್ರೆ ಸೀಲು ಸಹಿ ಸಮೇತ ಸ್ಕ್ಯಾನ್ ಮಾಡಿ ಹಾಕ್ತಾರೆ, ಆಗ ಅದು ಬರೀ ಚಿತ್ರ, ಸ್ಕ್ರೀನ್ ರೀಡರ್ ಅದನ್ನೂ ಓದಲ್ಲ. ಫೋನಲ್ಲಿ ಕನ್ನಡ ಟೈಪ್ ಮಾಡ್ತೀರಲ್ಲ, ಅದೇ ಯೂನಿಕೋಡಲ್ಲಿ ಟೈಪ್ ಮಾಡಿ ಸ್ವಾಮಿ, ಸ್ಕ್ಯಾನ್ ಕಾಪಿನೂ ಬೇಕಿದ್ರೆ ಜೊತೆಗಿಡಿ.

ಕ್ಯಾಪ್ಚಾ, ಸೊಟ್ಟಂಬಟ್ಟ ಅಕ್ಷರ ಗುರುತಿಸಿ ಅನ್ನೋದು. ಕಂಪ್ಯೂಟರ್‌ಗೆ ಓದಕ್ಕಾಗಬಾರದು ಅಂತಾನೇ ಮಾಡಿರೋ ಚಿತ್ರನ ಕಂಪ್ಯೂಟರಿಂದ ಓದಿಸ್ಕೊಳ್ಳೋರಿಗೆ ಕೊಟ್ರೆ ಏನು ಮಾಡೋದು? ಫೋನಿಗೆ ಹೇಗೂ ಒಟಿಪಿ ಕಳಿಸ್ತೀರಿ, ಅದು ಸಾಕು. ಈಗ ಇನ್ನೊಂದು ಬಂದಿದೆ, ಲೈವ್ ಫೋಟೋ. ಕ್ಯಾಮೆರಾ ನೋಡಿ, ಮುಖ ಚೌಕದೊಳಗೆ ಇಡಿ, ಕಣ್ಣು ಮಿಟುಕಿಸಿ ಅಂತ. ಬ್ಯಾಂಕ್ ಕೆವೈಸಿಯಲ್ಲಿ ಇದೇ ಮಿಟುಕಿಸೋ ವಿಷಯಕ್ಕೆ ಆಸಿಡ್ ದಾಳಿಯಲ್ಲಿ ಮುಖ, ಕಣ್ಣು ಸುಟ್ಟುಹೋದವರು ಸುಪ್ರೀಂ ಕೋರ್ಟಿಗೆ ಹೋದ್ರು, 2025ರ ಏಪ್ರಿಲ್ 30ಕ್ಕೆ ತೀರ್ಪು ಬಂತು, ಡಿಜಿಟಲ್ ಸೇವೆ ಎಟುಕೋದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ, ಬೇರೆ ದಾರಿ ಇಡಿ ಅಂತ. ಬ್ಯಾಂಕಿಗೆ ಹೇಳಿದ್ದನ್ನ ನಿಮಗೂ ಕೋರ್ಟೇ ಬಂದು ಹೇಳೋ ತನಕ ಕಾಯಬೇಡಿ.

ಕಿವಿ ಕೇಳದವರ ಬಗ್ಗೆ ಇನ್ನೊಂದು ಇಡೀ ಭಾಷಣ ಬೇಕು, ಒಂದೇ ಸಾಲು ಹೇಳ್ತೀನಿ, ಹೆಲ್ಪ್‌ಲೈನ್ ಅಂತ ಬರೀ ಫೋನ್ ನಂಬರ್ ಕೊಡಬೇಡಿ, ಇಮೇಲೋ ವಾಟ್ಸಾಪೋ ಕೊಡಿ, ಉತ್ತರಾನೂ ಕೊಡಿ. ಮತ್ತೆ ತಪ್ಪಾದ ಬಾಕ್ಸನ್ನ ಬರೀ ಕೆಂಪು ಮಾಡಿ ಸುಮ್ಮನಾಗಬೇಡಿ, ಏನು ತಪ್ಪು ಅಂತ ಅಕ್ಷರದಲ್ಲಿ ಬರೀರಿ. ಇದೆಲ್ಲ ನೆನಪಿರಲ್ಲ ಅಂದ್ರೆ ಬಿಡಿ, ಮೌಸ್ ಪಕ್ಕಕ್ಕಿಡೋದೊಂದು ನೆನಪಿಟ್ಕೊಳ್ಳಿ, ಉಳಿದಿದ್ರಲ್ಲಿ ಎಷ್ಟೋ ಅದೇ ಹೇಳಿಕೊಡುತ್ತೆ.

ಕೊನೇದು, ಅರ್ಜಿ ಹಾಕೋ ನಮ್ಮ ಹುಡುಗ ಹುಡುಗೀರಿಗೆ. ಫಾರಂ ಎಲ್ಲಿ ಕೈಕೊಡ್ತು ಅಂತ ಬರೆದಿಡಿ, ಯಾವ ಪೇಜು, ಯಾವ ಬಾಕ್ಸು, ತಾರೀಖು, ಟೈಮು, ಸ್ಕ್ರೀನ್ ರೀಡರ್ ಏನಂತು. ಅದನ್ನ ಸಂಸ್ಥೆಗೆ ಮೇಲ್ ಮಾಡಿ, ಒಂದು ಕಾಪಿ ರಾಜ್ಯದ ವಿಕಲಚೇತನರ ಆಯುಕ್ತರಿಗೆ ಕಳಿಸಿ, 2016ರ ಕಾಯ್ದೆಯಲ್ಲಿ ಅವರಿಗೆ ದೂರು ವಿಚಾರಣೆ ಮಾಡೋ ಅಧಿಕಾರ ಇದೆ. ಆದ್ರೆ ಅರ್ಜಿಯ ಕೊನೇ ದಿನಾಂಕಕ್ಕೆ ಮುಂಚೆ ಕಳಿಸಿ, ಆಮೇಲೆ ಕಳಿಸಿದ್ರೆ ಮೊದಲೇ ಯಾಕೆ ಹೇಳಲಿಲ್ಲ ಅಂತ ನಿಮ್ಮನ್ನೇ ಕೇಳ್ತಾರೆ. ನಮಸ್ಕಾರ.